ಕೋವಿಯೊಂದರ ಕುಲಗೋತ್ರ

ಕುಂದಾಪುರ ತಾಲೂಕಿನ ಗುಲ್ವಾಡಿ ಗ್ರಾಮವು ಕನ್ನಡ ನಾಡಿನ ಓದುಬಲ್ಲ ಮನೆಗಳಿಗೆ ಒಂದು ಪುಸ್ತಕದಿಂದ ಪರಿಚಿತವಾಗಿರುವುದು. ೧೮೯೯ನೆಯ ಇಸವಿಯಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ ಅಚ್ಚಾದ ‘ಇಂದಿರಾಬಾಯಿ’ ಎಂಬ ಕಾದಂಬರಿಯನ್ನು ಬರೆದ ವೆಂಕಟರಾಯರು ಈ ಊರಿನ ಹೆಸರನ್ನು ತಮ್ಮ ಹೆಸರಿನ ಮುಂದೆ ಧರಿಸಿದವರು. ಅವರು ವೃತ್ತಿಯಿಂದ ಪೋಲೀಸು ಅಧಿಕಾರಿಗಳಾಗಿದ್ದರೆಂಬುದನ್ನು ವಾಚಕರು ಕೆಲವೊಮ್ಮೆ ಮರೆಯುವುದುಂಟು. ಹೊರಗೆ ಭಕ್ತಿಯ ವೇಷ, ಒಳಗೆ ಬೇರೆಯೇ ವ್ಯಾಪಾರ ಎಂಬ ಸಮಾಜದ ಸ್ಥಿತಿಯನ್ನು ಆ ಗ್ರಂಥವು ಬಿಚ್ಚಿ ತೋರಿಸಿತು. ಮುಖವನ್ನು ಕಂಡು ಮೋಸಹೋಗದೆ ಒಳಗನ್ನು ಪರೀಕ್ಷಿಸುವ ಆ ದೃಷ್ಟಿಗೆ ಪೋಲೀಸು ವೃತ್ತಿಯೂ ಸ್ವಲ್ಪಮಟ್ಟಿಗೆ ಕಾರಣವಾಗಿದ್ದೀತು.

ಅದೇ ದೃಷ್ಟಿಯನ್ನು ಪೋಲೀಸರ ಕೈಯಲ್ಲಿದ್ದ ಒಂದು ಆಯುಧದ ಕಡೆಗೆ ತಿರುಗಿಸಿದರೆ ಬಹಳ ಸಂಗತಿಗಳು ಹೊರಬೀಳುವುವು. ಸರಕಾರಿ ಖಜಾನೆಯ ಬಾಗಿಲಲ್ಲಿಯೋ ಸೆರೆಮನೆಯ ಕಾವಲಿನಲ್ಲಿಯೋ ನಿಂತ ಪೇದೆಯ ಹೆಗಲ ಮೇಲೆ ಒಂದು ಕೋವಿಯನ್ನು ಕಂಡ ಹಿರಿಯರು ಈ ದೇಶದಲ್ಲಿ ಬಹಳ ಮಂದಿ ಇರುವರು. ಕಂಡವರೆಲ್ಲರೂ ಅದನ್ನು ಯುದ್ಧದ ರೈಫಲೆಂದೇ, ಜನರ ಬಾಯಲ್ಲಿ ‘ತ್ರೀ ನಾಟ್ ತ್ರೀ’ ಎಂದು ಹೆಸರಾದ ಕೋವಿಯೆಂದೇ ತಿಳಿದಿದ್ದರು. ಹಾಗೆ ತಿಳಿದದ್ದರಲ್ಲಿ ಅವರ ತಪ್ಪೇನೂ ಇಲ್ಲ. ಉದ್ದ ಮೂರೂಮುಕ್ಕಾಲು ಅಡಿಗೆ ತುಸು ಕಡಮೆ, ಭಾರ ಹೆಚ್ಚುಕಡಮೆ ನಾಲ್ಕು ಕಿಲೋಗ್ರಾಂ, ತುದಿಯವರೆಗೂ ಹಬ್ಬಿದ ಮರದ ಹೊದಿಕೆ, ಬಯೊನೆಟ್ಟನ್ನು ಸಿಕ್ಕಿಸುವ ಮೊಂಡು ಮೂತಿ, ಬಲಗಡೆಗೆ ಬಾಗಿದ ಬೋಲ್ಟಿನ ಹಿಡಿಕೆ, ಇವೆಲ್ಲವೂ ಆ ರೈಫಲಿನವೇ. ಆದರೆ ಅವುಗಳಲ್ಲಿ ಎಷ್ಟೋ ಕೋವಿಗಳು ಒಳಗಿನಿಂದ ಬೇರೆಯೇ ಜಾತಿಗೆ ಸೇರಿದವು.

ಕರಾವಳಿಯ ಮತ್ತು ಘಟ್ಟದ ಬುಡದ ಬೇಸಾಯದ ಮನೆಗಳಿಗೆ ಕೋವಿಯೆಂಬುದು ಅಪರಿಚಿತ ವಸ್ತುವಲ್ಲ. ಗದ್ದೆಗೆ ಇಳಿಯುವ ಹಂದಿಯನ್ನೂ, ತೆಂಗು ಅಡಕೆಗಳನ್ನು ಹಾಳುಮಾಡುವ ಮಂಗಗಳನ್ನೂ ಓಡಿಸುವುದಕ್ಕಾಗಿ ಲೈಸೆನ್ಸು ಪಡೆದ ಕೋವಿಗಳು ಅನೇಕ ಮನೆಗಳಲ್ಲಿರುವುವು. ಚುನಾವಣೆ ಬಂದಾಗಲೆಲ್ಲ ಅವನ್ನು ಹೊತ್ತುಕೊಂಡು ಹೋಗಿ ಠಾಣೆಯಲ್ಲಿ ಒಪ್ಪಿಸಿ ಬರುವ ಕಷ್ಟವೂ ಆ ಮನೆಯವರಿಗೆ ಗೊತ್ತು. ನಳಿಗೆಯ ಬಾಯಿಯಿಂದ ಮದ್ದು, ನಾರು, ಚರೆಗಳನ್ನು ಜಡಿದು ಕಿವಿಯ ಮೇಲೆ ಕೇಪು ಇಟ್ಟು ಹೊಡೆಯುವುದು ಕೇಪಿನ ಕೋವಿ. ಹಿಂಬದಿಯನ್ನು ಮುರಿದು ತೋಟೆಯನ್ನು ತುಂಬುವುದು ತೋಟೆಕೋವಿ. ಅದರಲ್ಲಿ ಒಂಟಿ ನಳಿಗೆಯದು, ಜೋಡು ನಳಿಗೆಯದು ಎಂದು ಎರಡು ಬಗೆ. ಇಷ್ಟನ್ನು ಅಂಥ ಮನೆಯ ಹುಡುಗನೂ ಬಲ್ಲನು. ಪೋಲೀಸು ಪೇದೆಯ ಈ ಕೋವಿಯಾದರೋ ಈ ಲೆಕ್ಕದಲ್ಲಿ ಯಾವುದಕ್ಕೂ ಸೇರದು. ರೂಪದಲ್ಲಿ ಹತ್ತು ಈಡಿನ ಯುದ್ಧದ ರೈಫಲು, ನಡತೆಯಲ್ಲಿ ಒಂದೇ ಈಡಿನ ಚರೆಕೋವಿ. ಆದುದರಿಂದ ಅದರ ಕುಲವನ್ನು ಶೋಧಿಸತಕ್ಕವನು ಒಂದೊಂದೇ ಮೆಟ್ಟಲನ್ನು ಹತ್ತಬೇಕಾಗುವುದು.

ಮೊದಲನೆಯ ಮೆಟ್ಟಲು ಮುದ್ರೆಗಳು. ಕೋವಿಯ ಮೈಮೇಲೆ ಅದರ ಜಾತಕವನ್ನು ಕೆತ್ತಿಸುವ ಪದ್ಧತಿ ಕನ್ನಡ ನಾಡಿಗೆ ಹಳೆಯದು. ಶ್ರೀರಂಗಪಟ್ಟಣದಲ್ಲಿ ಟೀಪುವಿಗಾಗಿ ತಯಾರಾದ ಕೋವಿಗಳಲ್ಲಿ ಹುಲಿಯ ಪಟ್ಟೆಯ ಚಿತ್ರವನ್ನೂ, ಅವನೇ ಬಳಕೆಗೆ ತಂದ ಮೌಲೂದಿ ಶಕೆಯ ವರ್ಷವನ್ನೂ ಕಾಣಬಹುದು. ಈಸ್ಟ್ ಇಂಡಿಯಾ ಕಂಪೆನಿಯ ಕೋವಿಗಳ ಮೇಲೆ ಮೊದಲು ಹೃದಯದ ಆಕಾರದ ವ್ಯಾಪಾರಮುದ್ರೆ ಇದ್ದಿತು. ೧೮೦೮ರಿಂದ ಅದರ ಬದಲಿಗೆ ಎದ್ದುನಿಂತ ಸಿಂಹವು ಬಂದಿತು. ೧೭೮೩ರಲ್ಲಿ ಕಂಪೆನಿಯ ಜನರಲ್ ಮ್ಯಾಥ್ಯೂಸನು ಕುಂದಾಪುರವನ್ನು ಹಿಡಿದು ಹೊಸಂಗಡಿಯ ಘಟ್ಟವನ್ನು ಹತ್ತಿ ಬಿದನೂರಿಗೆ ಹೋದಾಗ ಇಂಥ ಹೃದಯಮುದ್ರೆಯ ಕೋವಿಗಳು ಈ ಸೀಮೆಯ ದಾರಿಯಲ್ಲಿ ಸಾಗಿದ್ದಿರಬೇಕು. ಮುದ್ರೆಯನ್ನು ನೋಡಿದ ಮಾತ್ರಕ್ಕೆ ಒಡೆಯನು ಯಾರೆಂಬುದು ತಿಳಿಯುತ್ತಿದ್ದಿತು.

ಪೇದೆಯ ಕೋವಿಯ ಮೇಲೆಯೂ ಮುದ್ರೆಗಳು ಬೇಕಾದಷ್ಟಿರುವುವು. ಬೋಲ್ಟಿನ ಹಿಂದೆ, ಮರದ ಹಿಡಿಯು ಬಂದು ಕೂಡುವ ಉಕ್ಕಿನ ಕೊರಳಿನ ಬಲಮಗ್ಗುಲಲ್ಲಿ ಒಂದು ಕಿರೀಟ. ಅದರ ಕೆಳಗೆ ಅರಸನ ಹೆಸರಿನ ಮೊದಲಕ್ಷರಗಳು, ಐದನೆಯ ಜಾರ್ಜನ ಕಾಲದ್ದಾದರೆ ‘ಜಿ. ಆರ್.’ ಎಂದು, ಅದರ ಕೆಳಗೆ ಕಾರ್ಖಾನೆಯ ಹೆಸರು, ವರ್ಷ, ನಮೂನೆಯ ಸಂಖ್ಯೆ. ಕಾರ್ಖಾನೆಯು ಇಂಗ್ಲೆಂಡಿನ ಎನ್‌ಫೀಲ್ಡ್ ಆಗಿರಬಹುದು, ಬರ್ಮಿಂಗ್‌ಹ್ಯಾಮಿನ ಬಿ. ಎಸ್. ಏ. ಆಗಿರಬಹುದು, ಇಲ್ಲವೆ ಕಲಕತ್ತೆಯ ಉತ್ತರಕ್ಕೆ ಹೂಗ್ಲಿ ನದಿಯ ದಂಡೆಯಲ್ಲಿರುವ ಈಶಾಪುರವಾಗಿರಬಹುದು. ಅಲ್ಲಿ ಹದಿನೆಂಟನೆಯ ಶತಮಾನದ ಕೊನೆಯಿಂದ ಮದ್ದಿನ ಕಾರ್ಖಾನೆ ಇದ್ದಿತು. ೧೯೦೪ರಲ್ಲಿ ರೈಫಲಿನ ಕಾರ್ಖಾನೆಯೂ ಸ್ಥಾಪಿತವಾಯಿತು. ನಮೂನೆಯ ಸಂಖ್ಯೆ ‘ಮೂರು’ ಎಂದಿದ್ದರೆ ಅದು ೧೯೦೭ರಲ್ಲಿ ಅಂಗೀಕೃತವಾದ ಗಿಡ್ಡ ಲೀ-ಎನ್‌ಫೀಲ್ಡು. ಮೂರರ ಮುಂದೆ ನಕ್ಷತ್ರದ ಗುರುತಿದ್ದರೆ ಅದು ಮೊದಲನೆಯ ಮಹಾಯುದ್ಧದ ನಡುವೆ, ೧೯೧೬ರಲ್ಲಿ, ಕೆಲಸವನ್ನು ಬೇಗ ಮುಗಿಸುವುದಕ್ಕಾಗಿ ಕೆಲವು ಅಂಗಗಳನ್ನು ಬಿಟ್ಟು ಮಾಡಿದ ನಮೂನೆ. ‘ಐ’ ಎಂಬ ಅಕ್ಷರದ ಮೇಲೆ ಅಗಲವಾದ ಬಾಣದ ತಲೆಯಿದ್ದರೆ ಅದು ಭಾರತ ಸರಕಾರದ ಸೊತ್ತು.

ಇಷ್ಟನ್ನು ಓದಿ, ‘ಇದು ೧೯೧೬ರಲ್ಲಿ ಎನ್‌ಫೀಲ್ಡಿನಲ್ಲಿ ಹುಟ್ಟಿದ ಯುದ್ಧದ ರೈಫಲು’ ಎಂದು ಬರೆದುಕೊಂಡು ಏಳುವವನು ಅರ್ಧ ಸತ್ಯವನ್ನು ಮಾತ್ರ ಕೊಂಡೊಯ್ಯುವನು. ಮುದ್ರೆಯು ಹುಟ್ಟನ್ನು ಹೇಳುವುದೇ ಹೊರತು ಬಾಳನ್ನು ಹೇಳದು. ಕೆಲವೊಮ್ಮೆ ಹುಟ್ಟನ್ನೂ ಸುಳ್ಳಾಗಿ ಹೇಳುವುದು. ಪೇಶಾವರದ ದಕ್ಷಿಣಕ್ಕಿರುವ ದರ್ರಾ ಆದಮ್‌ಖೇಲಿನ ಕಮ್ಮಾರರು ಇಂಗ್ಲಿಷರ ಕೋವಿಗಳ ಪ್ರತಿಗಳನ್ನು ತಮ್ಮ ಕುಲುಮೆಗಳಲ್ಲಿ ಮಾಡಿ, ಕಿರೀಟವನ್ನೂ ಅಕ್ಷರಗಳನ್ನೂ ನೋಡಿ ನೋಡಿ ಕೆತ್ತುವುದರಲ್ಲಿ ಪ್ರಸಿದ್ಧರು. ಅಂಥ ಕೋವಿಗಳಲ್ಲಿ ಅಕ್ಷರಗಳು ಕನ್ನಡಿಯಲ್ಲಿ ಕಂಡಂತೆ ತಿರುಗಿರುವುದುಂಟು. ವಿಕ್ಟೋರಿಯಾ ರಾಣಿಯು ೧೯೦೧ರ ಜನವರಿಯಲ್ಲಿ ತೀರಿಕೊಂಡ ಮೇಲಿನ ವರ್ಷಗಳ ಪಕ್ಕದಲ್ಲಿಯೂ ಅವಳ ಹೆಸರಿನ ಅಕ್ಷರಗಳೇ ಇರುವುದುಂಟು. ಮುದ್ರೆಯನ್ನು ಓದಿದವನು ಮುದ್ರೆಯನ್ನು ಸಂಶಯಿಸುವುದನ್ನೂ ಕಲಿತಿರಬೇಕು.

ಎರಡನೆಯ ಮೆಟ್ಟಲು ತೋಟೆಯ ಪೆಟ್ಟಿಗೆ. ಲೀ-ಎನ್‌ಫೀಲ್ಡ್ ರೈಫಲಿನ ಕೀರ್ತಿಯೆಲ್ಲ ಅದರ ವೇಗದಲ್ಲಿತ್ತು. ಬೋಲ್ಟಿನ ಅಡಿಯಲ್ಲಿರುವ ತಗಡಿನ ಪೆಟ್ಟಿಗೆಯಲ್ಲಿ ಹತ್ತು ತೋಟೆಗಳು ಕುಳಿತಿರುವುವು; ಬೋಲ್ಟನ್ನು ಒಮ್ಮೆ ಹಿಂದಕ್ಕೂ ಮುಂದಕ್ಕೂ ಎಳೆದರೆ ಹಳೆಯದು ಹಾರಿ ಹೊಸದು ನಳಿಗೆಯನ್ನು ಸೇರುವುದು. ಪೇದೆಯ ಕೋವಿಯಲ್ಲಿ ಆ ಸ್ಥಳವನ್ನು ನೋಡಿದರೆ ಪೆಟ್ಟಿಗೆಯ ಜಾಗದಲ್ಲಿ ಒಂದು ಮರದ ತುಂಡು ಕುಳಿತಿರುವುದು. ಅಲ್ಲಿಗೆ ಹತ್ತು ಈಡಿನ ಕೋವಿಯು ಒಂದು ಈಡಿನದಾಯಿತು. ಪ್ರತಿಯೊಂದು ಸಲವೂ ಪೇದೆಯು ಸೊಂಟದ ಚೀಲದಿಂದ ಒಂದು ತೋಟೆಯನ್ನು ತೆಗೆದು ಕೈಯಿಂದಲೇ ಇಡಬೇಕು.

ಮೂರನೆಯದೂ ಮುಖ್ಯವಾದುದೂ ಆದ ಮೆಟ್ಟಲು ನಳಿಗೆಯ ಒಳಗು. ತೋಟೆಯಿಲ್ಲವೆಂಬುದನ್ನು ಎರಡು ಸಲ ನೋಡಿಕೊಂಡು, ಬೋಲ್ಟನ್ನು ಕಳಚಿ ಹಿಂದಿನಿಂದ ಬೆಳಕಿಗೆ ಹಿಡಿದರೆ, ರೈಫಲಿನ ನಳಿಗೆಯಲ್ಲಿ ಎಡಕ್ಕೆ ಸುತ್ತಿಕೊಂಡು ಹೋಗುವ ಐದು ಗೀರುಗಳು ಕಾಣತಕ್ಕದ್ದು. ಆ ಗೀರುಗಳೇ ಗುಂಡನ್ನು ಬುಗುರಿಯಂತೆ ತಿರುಗಿಸಿ ನೂರಾರು ಗಜಗಳವರೆಗೆ ನೆಟ್ಟಗೆ ಕೊಂಡೊಯ್ಯುವುವು. ‘ರೈಫಲು’ ಎಂಬ ಹೆಸರು ಬಂದದ್ದೂ ಅವುಗಳಿಂದಲೇ. ಈ ಕೋವಿಯಲ್ಲಾದರೋ ಅವು ಇಲ್ಲ. ನಳಿಗೆಯು ಬಿದಿರಿನ ಕೊಳವೆಯಂತೆ ನುಣ್ಣಗಿರುವುದು. ಅಗಲವನ್ನು ಅಳೆದರೆ ಅಂಗುಲದ ಸಾವಿರದಲ್ಲಿ ೩೦೩ ಪಾಲಿರುವ ಬದಲು ೪೧೦ ಪಾಲು ಇರುವುದು. ಇಂಥ ಕೆಲವು ಕೋವಿಗಳ ಮೇಲೆ ೨೦೦೦ ಗಜಗಳವರೆಗೆ ಗುರುತು ಹಾಕಿದ ಹಳೆಯ ಗುರಿಪಟ್ಟಿಯು ಹಾಗೆಯೇ ಉಳಿದಿರುವುದು. ಕೆಲವು ಹತ್ತು ಗಜಗಳ ಆಚೆಗೆ ಚರೆಯು ಚದರಿಹೋಗುವ ನಳಿಗೆಯ ನೆತ್ತಿಯ ಮೇಲೆ ಎರಡು ಸಾವಿರದ ಅಂಕಿ! ಹಳೆಯ ಜಮೀನುದಾರನ ಮನೆಯ ಮುಂದೆ ಜಮೀನು ಹೋದಮೇಲೂ ಉಳಿದ ಹೆಬ್ಬಾಗಿಲಿನಂತೆ ಅದು ಕಾಣುವುದು.

ಈ ಮೂರು ಸಾಕ್ಷಿಗಳನ್ನು ಒಟ್ಟುಗೂಡಿಸಿದರೆ ಕೋವಿಯ ಕುಲವು ಸಿದ್ಧವಾಗುವುದು. ಇದು ಮೊದಲನೆಯ ಮಹಾಯುದ್ಧದ ಅನಂತರ ಈಶಾಪುರದ ಕಾರ್ಖಾನೆಯಲ್ಲಿ ಯುದ್ಧದ ರೈಫಲುಗಳನ್ನು ಮಾರ್ಪಡಿಸಿ ಭಾರತದ ಪೋಲೀಸರಿಗಾಗಿ, ಸೆರೆಮನೆಯ ಕಾವಲುಗಾರರಿಗಾಗಿ ತಯಾರಿಸಿದ ‘ನಾನೂರಹತ್ತರ ಮಸ್ಕೆಟ್ಟು’. ಅದರ ತೋಟೆಯೂ ಅದರಂತೆಯೇ ಮಾರ್ಪಟ್ಟದ್ದು. ರೈಫಲಿನ ಹಿತ್ತಾಳೆಯ ತೋಟೆಗೆ ಇರಬೇಕಾದ ಕಿರಿದಾದ ಕೊರಳನ್ನು ಬಿಟ್ಟು ಕೊಳವೆಯಂತೆ ನೇರವಾಗಿಸಿ, ಅದರಲ್ಲಿ ಗುಂಡನ್ನೋ ಚರೆಯನ್ನೋ ತುಂಬಿದುದು. ಕೋವಿಯ ಹುಟ್ಟು ಒಂದು ಕಡೆಯಲ್ಲಿ, ಸಂಸ್ಕಾರ ಇನ್ನೊಂದು ಕಡೆಯಲ್ಲಿ.

ಹುಟ್ಟಿದ್ದು ಎಲ್ಲಿ ಎಂಬ ಪ್ರಶ್ನೆಗೆ ಉತ್ತರ ದೊರೆತ ಕೂಡಲೆ ಇನ್ನೊಂದು ಪ್ರಶ್ನೆ ಏಳುವುದು. ಒಳ್ಳೆಯ ಆಯುಧವೊಂದನ್ನು ಹಣ ವೆಚ್ಚಮಾಡಿ ಕೀಳುಮಾಡಿದ್ದು ಏತಕ್ಕೆ? ಆಯುಧವನ್ನು ತಿದ್ದುವವರು ಸಾಮಾನ್ಯವಾಗಿ ಅದರ ಬಲವನ್ನು ಹೆಚ್ಚಿಸಲು ತಿದ್ದುವರು. ಇಲ್ಲಿ ವೇಗವನ್ನು ಕಳೆಯಲಾಗಿದೆ, ದೂರವನ್ನು ಕಳೆಯಲಾಗಿದೆ, ಗುರಿಯನ್ನು ಕಳೆಯಲಾಗಿದೆ. ಆದುದರಿಂದ ಈ ಕೋವಿಯ ನಿಜವಾದ ಗೋತ್ರವನ್ನು ಹೇಳುವುದು ಅದರ ಮೇಲೆ ಕೆತ್ತಿದ ಅಕ್ಷರಗಳಲ್ಲ, ಅದರಿಂದ ಕೆರೆದು ತೆಗೆದ ಐದು ಗೀರುಗಳು.

ಆ ಗೋತ್ರದ ಮೂಲವು ೧೮೫೭ರಲ್ಲಿರುವುದು. ಸಿಪಾಯಿಗಳ ದಂಗೆಗೆ ಕಾರಣವಾದ ಎನ್‌ಫೀಲ್ಡ್ ಕೋವಿಯು ೧೮೫೩ನೆಯ ಇಸವಿಯ ನಮೂನೆ. ನಳಿಗೆಯ ಅಗಲವು ಅಂಗುಲದ ಸಾವಿರದಲ್ಲಿ ೫೭೭ ಪಾಲು. ಒಳಗೆ ಮೂರು ಗೀರುಗಳು. ದಂಗೆಯು ಅಡಗಿದ ಮೇಲೆ ಸರಕಾರವು ಸಿಪಾಯಿಗಳ ಕೈಗೆ ಗೀರುಳ್ಳ ಕೋವಿಯನ್ನು ಕೊಡಲು ಅಂಜಿತು. ಇದ್ದ ನಳಿಗೆಗಳನ್ನೇ ಕೊರೆದು ಗೀರುಗಳನ್ನು ಅಳಿಸಿ ಹಿಂದೂಸ್ಥಾನದ ಕಾಲಾಳುಗಳಿಗೆ ಒಂದು ‘೧೮೫೮ರ ನಮೂನೆ’ಯನ್ನು ಮಾಡಿಸಿತು. ಹಾಗೆ ಕೊರೆದ ನಳಿಗೆಗಳು ತೆಳ್ಳಗಾಗಿ, ಸಣ್ಣ ಪೆಟ್ಟಿಗೂ ಬಾಗತೊಡಗಿದವು. ಆಗ ಸರಕಾರವು ಗೀರುಗಳನ್ನು ಮರಳಿ ಕೊಡಲಿಲ್ಲ. ದಪ್ಪನೆಯ ನುಣುಪು ನಳಿಗೆಯ ಇನ್ನೊಂದು ನಮೂನೆಯನ್ನು ಮಾಡಿಸಿತು! ಮುಂದೆ ಗೋರಾ ಸೈನ್ಯಕ್ಕೆ ೧೮೭೧ರ ಮಾರ್ಟಿನಿ-ಹೆನ್ರಿ ಬಂದಾಗ ಸಿಪಾಯಿಗಳಿಗೆ ಅದರ ಹಿಂದಿನ ಸ್ನೈಡರು. ಗೋರಾ ಸೈನ್ಯಕ್ಕೆ ೧೮೮೮ರ ಲೀ-ಮೆಟ್‌ಫೋರ್ಡ್ ಬಂದಮೇಲೆ ಸಿಪಾಯಿಗಳಿಗೆ ಮಾರ್ಟಿನಿ. ಯಾವಾಗಲೂ ಒಂದು ಹೆಜ್ಜೆ ಹಿಂದೆ. ಮಹಾಯುದ್ಧದ ವೇಳೆಗೆ ಸೈನ್ಯದಲ್ಲಿ ಈ ಅಂತರವು ಅಳಿಯಿತು. ಪೋಲೀಸರ ವಿಷಯದಲ್ಲಿ ಹಳೆಯ ಉಪಾಯವು ನಾನೂರಹತ್ತರ ರೂಪದಲ್ಲಿ ಮುಂದುವರಿಯಿತು.

ಸಿಪಾಯಿಯ ಕೋವಿಯನ್ನು ನುಣುಪುಮಾಡಿದ ಆ ಕೈಯೇ ಪ್ರಜೆಯ ಕೋವಿಯನ್ನು ಕಿತ್ತುಕೊಳ್ಳಲು ಹೊರಟಿತು. ೧೮೫೭ರ ನಿಃಶಸ್ತ್ರೀಕರಣದ ಕಾನೂನಿಗೆ ಒಳಗಾಗಲೊಲ್ಲದ ಮುಧೋಳ ಸೀಮೆಯ ಹಲಗಲಿಯ ಬೇಡರು ಅದೇ ವರ್ಷದ ನವಂಬರಿನಲ್ಲಿ ಎದುರುನಿಂತರು; ಊರು ಸುಟ್ಟುಹೋಯಿತು, ಹಿಡಿಯಲ್ಪಟ್ಟವರು ಗಲ್ಲಿಗೇರಿದರು. ಆ ಸಂಗತಿಯನ್ನು ಲಾವಣಿಗಾರರು ಮನೆಮನೆಗೂ ಮುಟ್ಟಿಸಿದರು. ದಕ್ಷಿಣ ಕನ್ನಡದ ಪಕ್ಕದಲ್ಲಿಯೇ ಇರುವ ಕೊಡಗಿನಲ್ಲಿ ನಡೆದುದು ಇದಕ್ಕೆ ನೇರವಾದ ವಿರುದ್ಧ. ೧೮೬೧ರಲ್ಲಿ ಕಮಿಷನರು ಮಾರ್ಕ್ ಕಬ್ಬನನು ಕೊಡವರನ್ನು ಆ ಕಾನೂನಿನಿಂದ ಬಿಡುಗಡೆ ಮಾಡಿದನು. ಆ ರಿಯಾಯಿತಿಯು ೧೮೭೮ರ ಮತ್ತು ೧೯೫೯ರ ಆಯುಧ ಕಾನೂನುಗಳನ್ನು ದಾಟಿ ಉಳಿದು ಬಂದು, ೨೦೧೯ರಲ್ಲಿ ಇನ್ನೂ ಹತ್ತು ವರ್ಷಗಳಿಗೆ ವಿಸ್ತರಿಸಲ್ಪಟ್ಟಿತು. ಒಂದೇ ಭಾಷೆಯ ನಾಡಿನಲ್ಲಿ ಒಂದೆಡೆ ಕೈಲುಪೊಳ್ದಿನ ದಿನ ಕೋವಿಗೆ ಹೂವಿಟ್ಟು ಪೂಜೆ, ಇನ್ನೊಂದೆಡೆ ಕೋವಿಗಾಗಿ ಪ್ರಾಣದಂಡನೆ. ಎರಡಕ್ಕೂ ಕಾರಣ ಒಂದೇ: ಆಳುವವನು ಯಾರನ್ನು ನಂಬಿದನು, ಯಾರನ್ನು ನಂಬಲಿಲ್ಲ ಎಂಬುದು.

ಈ ಅಪನಂಬಿಕೆಯು ಹಿಂದೂಸ್ಥಾನಕ್ಕೆ ಮಾತ್ರ ಮೀಸಲಾಗಿದ್ದಿತೆಂದು ತಿಳಿಯಬಾರದು. ಅದೇ ಕಾಲದಲ್ಲಿ ಈಜಿಪ್ಟಿನ ಪೋಲೀಸರಿಗಾಗಿ ಬರ್ಮಿಂಗ್‌ಹ್ಯಾಮಿನ ಗ್ರೀನರ್ ಎಂಬ ಕೋವಿಗಾರರ ಕಂಪೆನಿಯು ಮಾರ್ಟಿನಿಯ ಮಾದರಿಯಲ್ಲಿ ಒಂದು ಈಡಿನ ಚರೆಕೋವಿಯನ್ನು ಮಾಡಿಕೊಟ್ಟಿತು. ಅದಕ್ಕೆ ಬೇಕಾದ ತೋಟೆಯ ಆಕಾರವೇ ಬೇರೆ. ಅಂಗಡಿಯ ತೋಟೆಯನ್ನು ತುಂಬಿದರೂ ಸಿಡಿಯದಂತೆ ಅದರ ಬಡಿಮೊಳೆಯನ್ನು ಮೂರು ಕವಲಿನ ತ್ರಿಶೂಲದಂತೆ ರಚಿಸಿದರು. ಕೋವಿಯು ಕಳವಾದರೂ ಕಳ್ಳನಿಗೆ ಅದು ಬರಿಯ ದೊಣ್ಣೆ. ಪೇದೆಯೇ ತಿರುಗಿಬಿದ್ದರೂ, ಕೈಯಲ್ಲಿದ್ದ ತೋಟೆಗಳು ತೀರಿದಮೇಲೆ, ಅವನಿಗೂ ಅದು ದೊಣ್ಣೆಯೇ.

ಒಂದು ಪಕ್ಷವನ್ನು ಮಾತ್ರ ಕೇಳಿ ತೀರ್ಪು ಕೊಡುವುದು ನ್ಯಾಯವಲ್ಲ. ನುಣುಪು ನಳಿಗೆಯ ಪರವಾಗಿಯೂ ಹೇಳತಕ್ಕ ಮಾತುಗಳಿವೆ. ರೈಫಲಿನ ಗುಂಡು ಒಬ್ಬನ ಮೈಯನ್ನು ತೂರಿ ಅವನ ಹಿಂದೆ ನಿಂತವನನ್ನೂ ಕೊಲ್ಲಬಲ್ಲುದು. ಸಂತೆಯ ಬೀದಿಯಲ್ಲಿ ಹಾರಿಸಿದರೆ ಬಹುದೂರದ ಮನೆಯ ಜಗಲಿಯಲ್ಲಿ ಕುಳಿತ ನಿರಪರಾಧಿಗೂ ತಗಲಬಹುದು. ಚರೆಯು ಅಷ್ಟು ದೂರ ಹೋಗದು. ಸೈನಿಕನ ಕೆಲಸ ಬೇರೆ, ಪೋಲೀಸಿನವನ ಕೆಲಸ ಬೇರೆ. ಆಯುಧವೂ ಬೇರೆಯಾಗಿರುವುದು ಯುಕ್ತ. ಈ ಮಾತುಗಳು ಸತ್ಯವಾದುವೇ. ಆದರೆ ಹತ್ತಿರದಿಂದ ಗುಂಪಿನ ಮೇಲೆ ಹಾರಿಸಿದ ಚರೆಯು ಒಬ್ಬನನ್ನು ಆರಿಸಿಕೊಳ್ಳದು, ಹರಡಿ ಹಲವರನ್ನು ಹೊಡೆಯುವುದು. ದೂರದ ನಿರಪರಾಧಿಯನ್ನು ಉಳಿಸುವ ಆಯುಧವು ಸಮೀಪದ ನಿರಪರಾಧಿಯನ್ನು ಉಳಿಸಲಾರದು. ಇನ್ನು, ಜನರ ಮೇಲಣ ಕರುಣೆಯೇ ಕಾರಣವಾಗಿದ್ದರೆ ಗೀರುಗಳನ್ನು ತೆಗೆದದ್ದಷ್ಟೇ ಸಾಕಾಗಿತ್ತು. ಮರದ ತುಂಡಿಗೆ ಆ ಕರುಣೆಯು ಉತ್ತರವಾಗಲಾರದು. ಡಕಾಯಿತರ ಎದುರು ಒಂಟಿಯಾಗಿ ನಿಂತ ಪೇದೆಗೆ ಎರಡನೆಯ ಈಡು ಬೇಕಾಗುವ ಗಳಿಗೆಯಲ್ಲಿ ಅವನ ಬೆರಳುಗಳು ತೋಟೆಗಾಗಿ ಚೀಲವನ್ನು ತಡಕಬೇಕಾಗಿದ್ದಿತು.

ಕುಲಶೋಧನೆಯು ಬರಿಯ ಕುತೂಹಲದ ವಿಷಯವಲ್ಲವೆಂಬುದಕ್ಕೆ ಇನ್ನೊಂದು ಕಾರಣವುಂಟು. ಮಸ್ಕೆಟ್ಟಿನ ತೋಟೆಯು ರೈಫಲಿನ ತೋಟೆಯಿಂದಲೇ ಹುಟ್ಟಿದುದಾದ್ದರಿಂದ, ರೈಫಲಿನ ತೋಟೆಯು ಈ ಕೋವಿಯೊಳಗೆ ಸಲೀಸಾಗಿ ಹೊಕ್ಕುಬಿಡುವುದು. ಹೊರಗಿನ ರೂಪವನ್ನು ನಂಬಿ ಅದನ್ನು ತುಂಬಿ ಹಾರಿಸಿದರೆ, ಆಧಾರವಿಲ್ಲದ ತೋಟೆಯ ಕೊರಳು ಹಿಗ್ಗಿ ಸೀಳಬಹುದು. ಕಿರಿದಾದ ಗುಂಡು ಅಗಲವಾದ ನಳಿಗೆಯಲ್ಲಿ ಅಡ್ಡಾದಿಡ್ಡಿಯಾಗಿ ಹೊರಡುವುದು. ಇದಕ್ಕೆ ವಿರುದ್ಧವಾಗಿ, ಅಂಗಡಿಯಲ್ಲಿ ದೊರೆಯುವ ನಾನೂರಹತ್ತರ ಚರೆತೋಟೆಗೆ ಹೆಸರು ಅದೇ ಆದರೂ ಬುಡವು ಕೊಂಚ ದಪ್ಪ. ಅದು ಈ ಕೋವಿಗೆ ಹೊಂದದು. ಹೆಸರು ಬೇರೆಯಾದುದು ಒಳಗೆ ಹೋಗುವುದು, ಹೆಸರು ಒಂದೇ ಆದುದು ಹೋಗದು! ಲೈಸೆನ್ಸಿನ ಪುಸ್ತಕದಲ್ಲಿಯೂ ಕೋವಿಯ ಜಾತಿಯೂ ನಳಿಗೆಯ ಅಳತೆಯೂ ಸರಿಯಾಗಿ ನಮೂದಾಗಿರಬೇಕು. ತಪ್ಪಾಗಿದ್ದರೆ ಕಾನೂನಿನ ದೃಷ್ಟಿಯಲ್ಲಿ ಅದು ಬೇರೆಯೇ ಕೋವಿ. ಅಟ್ಟದ ಮೇಲೆ ಹಿರಿಯರ ಕಾಲದ ಕೋವಿಯೊಂದು ದೊರೆತರೆ, ಗೃಹಸ್ಥನು ಅದನ್ನು ಹಾರಿಸಿ ಪರೀಕ್ಷಿಸುವುದಕ್ಕೆ ಮೊದಲು ಠಾಣೆಗೆ ತಿಳಿಸಿ, ಬಲ್ಲ ಕೋವಿಗಾರನ ಕೈಯಿಂದ ಅಳತೆಮಾಡಿಸತಕ್ಕದ್ದು.

೧೯೪೭ರಲ್ಲಿ ರಾಜ್ಯವು ಬದಲಾಯಿತು. ಈಶಾಪುರದಲ್ಲಿ ಕೋವಿಗಳ ಮೇಲೆ ಕಿರೀಟವನ್ನು ಒತ್ತುವುದು ನಿಂತು, ಅಶೋಕಸ್ತಂಭದ ಸಿಂಹಗಳು ಬಂದವು. ೧೯೫೬ರಲ್ಲಿ ದಕ್ಷಿಣ ಕನ್ನಡವು ಮದರಾಸಿನಿಂದ ಬಿಡುಗಡೆಗೊಂಡು ಕನ್ನಡದ ರಾಜ್ಯವನ್ನು ಸೇರಿತು. ೧೯೫೯ರಲ್ಲಿ ಆಯುಧಗಳ ಹಳೆಯ ಕಾನೂನಿನ ಸ್ಥಾನಕ್ಕೆ ಹೊಸ ಕಾನೂನು ಬಂದಿತು. ಆದರೆ ನಾನೂರಹತ್ತರ ಮಸ್ಕೆಟ್ಟು ಭಾರತದ ಪೋಲೀಸರ ಹೆಗಲಿನಿಂದ ಕೂಡಲೆ ಇಳಿಯಲಿಲ್ಲ. ಸ್ವತಂತ್ರ ದೇಶದಲ್ಲಿ ಇನ್ನೂ ಹಲವು ದಶಕಗಳವರೆಗೆ ಅದು ಕಾವಲು ನಿಂತಿತು. ಉಕ್ಕಿನ ಮೇಲಣ ಅಕ್ಷರವನ್ನು ಅಳಿಸಿ ಬೇರೆಯದನ್ನು ಒತ್ತುವುದು ಒಂದು ಗಳಿಗೆಯ ಕೆಲಸ. ನಳಿಗೆಯಿಂದ ಒಮ್ಮೆ ಕೆರೆದುಹೋದ ಗೀರನ್ನು ಮರಳಿ ಮೂಡಿಸುವುದು ಸಾಧ್ಯವಿಲ್ಲ.

ಆ ಕೋವಿಯನ್ನು ಹೊತ್ತವರು ಪರದೇಶದವರಾಗಿರಲಿಲ್ಲ. ಇಂಥ ಊರುಗಳ ಬೇಸಾಯದ ಮನೆಗಳಿಂದಲೇ ಹೋದ ಹುಡುಗರು. ಅಣ್ಣನು ಗದ್ದೆಯನ್ನು ನೋಡಿಕೊಂಡರೆ ತಮ್ಮನು ಪೇದೆಯಾದನು. ಅವನು ಪ್ರತಿದಿನವೂ ಅದಕ್ಕೆ ಎಣ್ಣೆ ಹಾಕಿದನು, ಹಿತ್ತಾಳೆಯ ಭಾಗಗಳನ್ನು ಹುಣಿಸೆಹಣ್ಣಿನಿಂದ ತಿಕ್ಕಿ ಹೊಳಪಿಸಿದನು, ಪಹರೆ ಬದಲಾಗುವಾಗ ಎಣಿಸಿ ಕೊಟ್ಟು ಎಣಿಸಿ ತೆಗೆದುಕೊಂಡನು. ರಜೆಯಲ್ಲಿ ಮನೆಗೆ ಬಂದಾಗ, ‘ನಿನ್ನ ಕೋವಿ ಎಷ್ಟು ಈಡಿನದು?’ ಎಂದು ಮಕ್ಕಳು ಕೇಳಿದರೆ ‘ಒಂದೇ’ ಎಂದು ಹೇಳಿ ನಕ್ಕನು. ಉಳಿದ ಒಂಬತ್ತು ಎಲ್ಲಿ ಹೋದುವೆಂಬುದನ್ನು ಅವನಿಗೆ ಯಾರೂ ಹೇಳಿರಲಿಲ್ಲ. ಅವನು ಖಜಾನೆಯನ್ನು ಕಾಯುತ್ತಿದ್ದನು. ಅವನ ಕೈಯಲ್ಲಿದ್ದ ಮರದ ತುಂಡು ಅವನನ್ನು ಕಾಯುತ್ತಿದ್ದಿತು.